ಅದು ರಾಗಿಯ ಕಬ್ಬಿಣವೋ, ಉಪಕರಣದ ಕಬ್ಬಿಣವೋ? ಸಿಂಕ್ರೊಟ್ರಾನ್ ಪ್ರತಿದೀಪ್ತಿ ಚಿತ್ರಣಕ್ಕೆ ಉಪಕರಣ ಜೋಡಿಸುವ ಬಗೆ

ಪ್ರಶ್ನೆ: ರಾಗಿ ಕಾಳನ್ನು ಅಡ್ಡಕ್ಕೆ ಕೊಯ್ದು, ಅದರೊಳಗೆ ಕ್ಯಾಲ್ಸಿಯಂ, ಕಬ್ಬಿಣ, ಸತು ಎಲ್ಲೆಲ್ಲಿ ಕೂತಿವೆ ಎಂಬ ನಕ್ಷೆ ತೆಗೆಯಬೇಕಾಗಿದೆ. ಇಂದೂರಿನ ಇಂಡಸ್-2 ಸಿಂಕ್ರೊಟ್ರಾನ್‌ಗೆ ಅರ್ಜಿ ಹಾಕುವವಳಿದ್ದೇನೆ. ಅಲ್ಲಿ ಎಕ್ಸ್-ರೇ ಪ್ರತಿದೀಪ್ತಿ ಚಿತ್ರಣದ ಉಪಕರಣವನ್ನು ಹೇಗೆ ಜೋಡಿಸುತ್ತಾರೆ? ನಾನು ಯಾವುದನ್ನೆಲ್ಲ ಮೊದಲೇ ತೀರ್ಮಾನ ಮಾಡಿಕೊಂಡು ಹೋಗಬೇಕು? ಬೀಮ್ ಎಷ್ಟು ಸಣ್ಣದಾದರೆ ಚಿತ್ರ ಅಷ್ಟು ಸ್ಪಷ್ಟ ಎನ್ನುತ್ತಾರೆ, ಅದು ನಿಜವೇ?
— ಕೃಷಿ ವಿಜ್ಞಾನದ ಸಂಶೋಧನಾ ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ, ಮಿಕ್ಕ ತೀರ್ಮಾನಗಳೆಲ್ಲ ಅದನ್ನೇ ಅವಲಂಬಿಸಿವೆ. ಬೀಮ್ ಸಣ್ಣದಾದ ಮಾತ್ರಕ್ಕೆ ಚಿತ್ರ ಸ್ಪಷ್ಟವಾಗುವುದಿಲ್ಲ. ಈ ಪ್ರಯೋಗದಲ್ಲಿ ಎಕ್ಸ್-ರೇ ಬೀಮ್ (ಕಿರಣಪುಂಜ) ಬಿದ್ದ ಜಾಗದ ಪ್ರತಿ ಧಾತುವೂ ತನ್ನದೇ ಶಕ್ತಿಯ ಎಕ್ಸ್-ರೇ ಹೊಮ್ಮಿಸುತ್ತದೆ, ಅದೇ ಪ್ರತಿದೀಪ್ತಿ. ಮಾದರಿಯನ್ನು ಬೀಮ್‌ಗೆ 45 ಡಿಗ್ರಿ ಓರೆಯಾಗಿ ನಿಲ್ಲಿಸಿ, ಡಿಟೆಕ್ಟರನ್ನು ಬೀಮ್‌ಗೆ 90 ಡಿಗ್ರಿಯಲ್ಲಿ ಇಡುತ್ತಾರೆ. ಹಾಗೆ ಓರೆಯಾಗಿ ನಿಂತ ಸೀಳಿನೊಳಗೆ, ಅಂದರೆ ಕಾಳಿನಿಂದ ಕೊಯ್ದ ತೆಳು ಹೋಳಿನೊಳಗೆ, ಬೀಮ್ ಹಾದುಹೋಗುವಾಗ, ಸೀಳು ಎಷ್ಟು ದಪ್ಪವೋ ಅಷ್ಟೇ ದೂರ ಪಕ್ಕಕ್ಕೂ ಸರಿಯುತ್ತದೆ. ನಿಮ್ಮ ಸೀಳು 50 ಮೈಕ್ರಾನ್ ದಪ್ಪವಿದ್ದರೆ, ಬೀಮ್ 5 ಮೈಕ್ರಾನ್ ಇದ್ದರೂ ಅಡ್ಡ ದಿಕ್ಕಿನಲ್ಲಿ ಚಿತ್ರ ಸುಮಾರು 50 ಮೈಕ್ರಾನ್ ಮಸುಕು. ಉದ್ದ ದಿಕ್ಕಿನಲ್ಲಿ ಈ ತೊಂದರೆಯಿಲ್ಲ. ಹಾಗಾಗಿ ದಪ್ಪ ಸೀಳಿನ ನಕ್ಷೆಯಲ್ಲಿ ಕಾಳಿನ ಸಿಪ್ಪೆ ಮೇಲೆ-ಕೆಳಗೆ ತೆಳುವಾಗಿಯೂ ಎಡ-ಬಲಕ್ಕೆ ದಪ್ಪವಾಗಿಯೂ ಕಾಣುತ್ತದೆ. ಅದನ್ನು ಕಾಳಿನ ರಚನೆಯೆಂದೇ ಬರೆದುಬಿಟ್ಟರೆ ಕೆಲಸವೆಲ್ಲ ಕೆಟ್ಟಂತೆ. ಬೀಮ್‌ನ ಗಾತ್ರವನ್ನು ಬೀಮ್‌ಲೈನಿನವರು (ಬೆಳಕನ್ನು ಪ್ರಯೋಗದ ಜಾಗಕ್ಕೆ ತರುವ ಸಾಲನ್ನು ನಡೆಸುವವರು) ನೋಡಿಕೊಳ್ಳುತ್ತಾರೆ. ಸೀಳಿನ ದಪ್ಪ ನಿಮ್ಮ ಕೈಯಲ್ಲಿದೆ: 20ರಿಂದ 30 ಮೈಕ್ರಾನ್ ಗುರಿಯಿಟ್ಟುಕೊಳ್ಳಿ. ಅದಕ್ಕಿಂತ ತೆಳುವಾದರೆ ಒಳಗಿನ ಹಿಟ್ಟಿನ ಭಾಗ ಉದುರಿಹೋಗುತ್ತದೆ, ಸಿಗುವ ಸಂಕೇತವೂ ಅಷ್ಟಕ್ಕಷ್ಟೆ.

ಸೀಳದೆ ಇಡೀ ಕಾಳನ್ನೇ ಇಟ್ಟರೆ ಇನ್ನೊಂದು ತೊಡಕು. ಕ್ಯಾಲ್ಸಿಯಂ ಹೊಮ್ಮಿಸುವ 3.69 ಕಿಲೊ ಎಲೆಕ್ಟ್ರಾನ್‌ವೋಲ್ಟ್ (ಮುಂದೆ ಕೆಇವಿ ಎನ್ನುತ್ತೇನೆ) ಕಿರಣ ಪಿಷ್ಟದಂಥ ವಸ್ತುವಿನಲ್ಲಿ ಸುಮಾರು 90 ಮೈಕ್ರಾನ್ ಸಾಗುವಷ್ಟರಲ್ಲಿ ಮೂರರಲ್ಲೊಂದು ಪಾಲಿಗೆ ಇಳಿದಿರುತ್ತದೆ. ಸತುವಿನ 8.64 ಕೆಇವಿ ಕಿರಣ ಅಷ್ಟು ಇಳಿಯಬೇಕಾದರೆ ಒಂದು ಮಿಲಿಮೀಟರಿಗೂ ಹೆಚ್ಚು ಸಾಗಬೇಕು. ಅಂದರೆ ಇಡೀ ಕಾಳಿನ ಚಿತ್ರದಲ್ಲಿ ಕ್ಯಾಲ್ಸಿಯಂ ನಕ್ಷೆ ಬರೀ ಸಿಪ್ಪೆಯದು, ಸತುವಿನ ನಕ್ಷೆ ಇಡೀ ಕಾಳಿನದು. ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸುವುದರಲ್ಲಿ ಅರ್ಥವಿಲ್ಲ.

ಈಗ ಉಪಕರಣಕ್ಕೆ ಬರೋಣ. ಇಂಡಸ್-2 ಇರುವುದು ಇಂದೂರಿನ ರಾಜಾ ರಾಮಣ್ಣ ಪ್ರಗತ ತಂತ್ರಜ್ಞಾನ ಕೇಂದ್ರದಲ್ಲಿ. 172.5 ಮೀಟರ್ ಸುತ್ತಳತೆಯ ಉಂಗುರ, 2.5 ಗಿಗಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಎಲೆಕ್ಟ್ರಾನುಗಳು. ಅವು ಸುತ್ತುವಾಗ ಹೊಮ್ಮುವ ಎಕ್ಸ್-ರೇಯನ್ನೇ ಇಲ್ಲಿ ಬೆಳಕು ಎನ್ನುವುದು. ನಿಮಗೆ ಬೇಕಾದದ್ದು ಬಿಎಲ್-16, ಸೂಕ್ಷ್ಮಬೀಮ್ ಪ್ರತಿದೀಪ್ತಿಯ ಬೀಮ್‌ಲೈನ್. ಅದು ಎಲೆಕ್ಟ್ರಾನುಗಳ ದಾರಿ ಬಾಗಿಸುವ ಬೆಂಡಿಂಗ್ ಮ್ಯಾಗ್ನೆಟ್‌ನಿಂದ ಹೊಮ್ಮುವ ಬೆಳಕನ್ನು ಬಳಸುತ್ತದೆ, 4ರಿಂದ 20 ಕೆಇವಿ ವ್ಯಾಪ್ತಿಯಲ್ಲಿ ಕೆಲಸ ಮಾಡುತ್ತದೆ. ಬೆಳಕು ಬರುವ ದಾರಿಯಲ್ಲಿ ಮೊದಲು ಒಂದೇ ಶಕ್ತಿಯ ಬೆಳಕನ್ನು ಆರಿಸಿಕೊಡುವ ಸಿಲಿಕಾನ್ 111 ಜೋಡಿ ಹರಳಿನ ಮೋನೊಕ್ರೊಮೇಟರ್, ಆಮೇಲೆ ಬೀಮ್‌ನ ಅಗಲ ಕತ್ತರಿಸುವ ಸ್ಲಿಟ್, ಆಮೇಲೆ ಒಂದಕ್ಕೊಂದು ಲಂಬವಾಗಿ ನಿಂತ ಎರಡು ಬಾಗಿದ ಕನ್ನಡಿಗಳು. 1948ರಲ್ಲಿ ಕರ್ಕ್‌ಪ್ಯಾಟ್ರಿಕ್ ಮತ್ತು ಬಾಯೆಜ್ ತೋರಿಸಿಕೊಟ್ಟ ವಿನ್ಯಾಸವಾದ್ದರಿಂದ ಎಲ್ಲರೂ ಇವನ್ನು ಕೆಬಿ ಕನ್ನಡಿ ಎಂದೇ ಕರೆಯುತ್ತಾರೆ. ಒಂದು ಕನ್ನಡಿ ಬೆಳಕನ್ನು ಉದ್ದಕ್ಕೆ ಕೂಡಿಸುತ್ತದೆ, ಇನ್ನೊಂದು ಅಡ್ಡಕ್ಕೆ. ಕನ್ನಡಿ ದಾಟಿದ ಮೇಲೆ ಬೀಮ್‌ನ ತೀವ್ರತೆ ಅಳೆಯುವ ಅಯಾನ್ ಚೇಂಬರ್, ಆಮೇಲೆ ಮಾದರಿಯನ್ನು ಬಿಂದು ಬಿಂದುವಾಗಿ ಸರಿಸುವ ಸ್ಟೇಜ್, ಪಕ್ಕದಲ್ಲಿ ಡಿಟೆಕ್ಟರ್. ಮಾದರಿಯ ಹಿಂದೆ ಇನ್ನೊಂದು ಅಯಾನ್ ಚೇಂಬರ್ ಇಡಲು ಕೇಳಿಕೊಳ್ಳಿ. ಸೀಳು ಎಲ್ಲಿ ದಪ್ಪ, ಎಲ್ಲಿ ಉದುರಿದೆ ಎಂಬುದು ಅದರಿಂದ ತಿಳಿಯುತ್ತದೆ.

ಬೀಮ್‌ನ ಶಕ್ತಿ ಎಷ್ಟಿರಬೇಕೆಂಬುದನ್ನು ಅರ್ಜಿಯಲ್ಲೇ ಬರೆಯಬೇಕು. ಸತುವಿನ ಕೆ-ಅಂಚು, ಅಂದರೆ ಅದರ ಕೆ-ಕಿರಣ ಹೊಮ್ಮಲು ಬೀಮ್‌ಗೆ ಬೇಕಾದ ಕನಿಷ್ಠ ಶಕ್ತಿ, 9.659 ಕೆಇವಿ. ನಿಮಗೆ ಬೇಕಾದ ಧಾತುಗಳಲ್ಲಿ ಅದೇ ಮೇಲಿನದು. 11 ಕೆಇವಿ ಇಟ್ಟುಕೊಂಡರೆ ಸತು, ತಾಮ್ರ, ಕಬ್ಬಿಣ, ಮ್ಯಾಂಗನೀಸ್, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲವೂ ಹೊಮ್ಮುತ್ತವೆ. ಸ್ವಲ್ಪ ಶಕ್ತಿ ಕಳೆದುಕೊಂಡು 90 ಡಿಗ್ರಿಗೆ ಚೆದುರಿದ ಬೀಮ್‌ನ ಕಾಂಪ್ಟನ್ ಶಿಖರ 10.77 ಕೆಇವಿಯಲ್ಲಿ ಬೀಳುತ್ತದೆ, ಸತುವಿನ ಎರಡನೆಯ ಕಿರಣವಾದ ಕೆ-ಬೀಟಾ (ಮುಖ್ಯ ಕಿರಣ ಕೆ-ಆಲ್ಫಾ) 9.57ರಲ್ಲಿ ಇರುವುದರಿಂದ ನಡುವೆ ಸಾಕಷ್ಟು ಜಾಗವಿದೆ. 17 ಅಥವಾ 18 ಕೆಇವಿಗೆ ಏರಿಸಿದರೆ ಇನ್ನಷ್ಟು ಧಾತು ಸಿಗಬಹುದೆಂಬ ಆಸೆ ಬೇಡ. ಅಂಚಿನಿಂದ ದೂರ ಹೋದಷ್ಟೂ ಸತುವೂ ಕಬ್ಬಿಣವೂ ಮಂಕಾಗುತ್ತವೆ, ಬೆಂಡಿಂಗ್ ಮ್ಯಾಗ್ನೆಟ್‌ನ ಬೆಳಕೂ ಕುಗ್ಗುತ್ತದೆ.

ಮುಂದೆ ಯಾವಾಗಲಾದರೂ ಆರ್ಸೆನಿಕ್ ನೋಡಬೇಕಾಗಿ ಬಂದರೆ ಒಂದು ಉಪಾಯವಿದೆ. ಆರ್ಸೆನಿಕ್‌ನ ಕೆ-ಆಲ್ಫಾ 10.54, ಸೀಸದ ಎಲ್-ಆಲ್ಫಾ 10.55, ಯಾವ ಡಿಟೆಕ್ಟರೂ ಇವೆರಡನ್ನು ಬಿಡಿಸಲಾರದು. ಆದರೆ ಆರ್ಸೆನಿಕ್‌ನ ಅಂಚು 11.867, ಸೀಸದ ಎಲ್3 ಅಂಚು 13.035. ಬೀಮನ್ನು 12.5ಕ್ಕೆ ಇಟ್ಟರೆ ಆರ್ಸೆನಿಕ್ ಮಾತ್ರ ಹೊಮ್ಮುತ್ತದೆ, ಸೀಸ ಸುಮ್ಮನಿರುತ್ತದೆ. ಬೀಮ್‌ನ ಶಕ್ತಿಯನ್ನು ಬೇಕಾದಲ್ಲಿಗೆ ತಿರುಗಿಸಬಹುದಾದ ಸಿಂಕ್ರೊಟ್ರಾನ್‌ನ ನಿಜವಾದ ಲಾಭ ಇಂಥಲ್ಲಿದೆ.

ಜೋಡಣೆ ಮೋನೊಕ್ರೊಮೇಟರ್‌ನಿಂದ ಶುರು. 11 ಕೆಇವಿಗೆ ಸಿಲಿಕಾನ್ 111ರ ಬ್ರ್ಯಾಗ್ ಕೋನ 10.35 ಡಿಗ್ರಿ. ಅಲ್ಲಿ ಕೋನ 0.001 ಡಿಗ್ರಿ ತಪ್ಪಿದರೆ ಶಕ್ತಿ ಸುಮಾರು 1 ಎಲೆಕ್ಟ್ರಾನ್‌ವೋಲ್ಟ್ ತಪ್ಪುತ್ತದೆ. ನಕ್ಷೆಗೆ ಅಷ್ಟು ತಪ್ಪು ಲೆಕ್ಕಕ್ಕಿಲ್ಲ, ಆದರೂ ಸತುವಿನ ಹಾಳೆಯಿಟ್ಟು ಅದರ ಕೆ-ಅಂಚನ್ನೊಮ್ಮೆ ಅಳೆದು ಮಾಪಕ ಸರಿಪಡಿಸಿಕೊಳ್ಳುತ್ತಾರೆ. ಹೆಚ್ಚು ಮುಖ್ಯವಾದದ್ದು ಎರಡನೆಯ ಹರಳಿನ ಸಮಾಂತರತೆ. ಅದು ಐದಾರು ಆರ್ಕ್‌ಸೆಕೆಂಡಿನಷ್ಟು ಓರೆಯಾದರೂ ಬೆಳಕಿನ ಬಹುಪಾಲು ಹೋಯಿತು. ಎಲ್ಲ ಶಕ್ತಿಯ ಬೆಳಕೂ ಬೆರೆತ ಬಿಳಿ ಬೀಮ್ ಬಿದ್ದು ಮೊದಲ ಹರಳು ಬಿಸಿಯಾಗುತ್ತದೆ, ಬಿಸಿಯಾದಾಗ ಕೋನ ಅಲುಗುತ್ತದೆ. ಆದ್ದರಿಂದ ಶಟರ್ ತೆಗೆದ ಕೂಡಲೇ ಟ್ಯೂನ್ ಮಾಡಿ ಸ್ಕ್ಯಾನ್ ಹಾಕಬೇಡಿ. ಅಯಾನ್ ಚೇಂಬರಿನ ಸಂಖ್ಯೆ ನೆಲೆಗೊಳ್ಳುವವರೆಗೆ ಕಾದು ಮತ್ತೊಮ್ಮೆ ಟ್ಯೂನ್ ಮಾಡಿ. ಈ ಹರಳು ಮೂರು ಪಟ್ಟು ಶಕ್ತಿಯ, ಅಂದರೆ 33 ಕೆಇವಿಯ, ಬೆಳಕನ್ನೂ ಸ್ವಲ್ಪ ಒಳಬಿಡುತ್ತದೆ. ಕೆಲವೇ ಮಿಲಿರೇಡಿಯನ್ ಕೋನದಲ್ಲಿ ನಿಂತ ಕನ್ನಡಿಗಳು ಅದನ್ನು ತಡೆಯುತ್ತವೆ: 3 ಮಿಲಿರೇಡಿಯನ್ ಕೋನದ ರೋಡಿಯಂ ಲೇಪನ ಸುಮಾರು 22 ಕೆಇವಿಯ ಮೇಲಿನದನ್ನು ಪ್ರತಿಫಲಿಸುವುದಿಲ್ಲ.

ಕನ್ನಡಿಗಳ ಫೋಕಸ್ ಪರೀಕ್ಷೆಗೆ ಚೂಪಂಚಿನ ಸ್ಕ್ಯಾನ್ ಮಾಡುತ್ತಾರೆ. ತೆಳ್ಳಗಿನ ಲೋಹದ ತಂತಿಯನ್ನೋ ಅಂಚನ್ನೋ ಬೀಮ್‌ಗೆ ಅಡ್ಡವಾಗಿ ಒಂದು ಮೈಕ್ರಾನ್ ಹೆಜ್ಜೆಯಲ್ಲಿ ಸರಿಸುತ್ತ, ಪ್ರತಿದೀಪ್ತಿಯೋ ಹಾದುಹೋದ ಬೆಳಕೋ ಹೇಗೆ ಬದಲಾಗುತ್ತದೆ ಎಂದು ನೋಡುವುದು. ಆ ರೇಖೆಯ ಇಳಿಜಾರನ್ನು ಲೆಕ್ಕ ಹಾಕಿದರೆ ಬೀಮ್‌ನ ಆಕಾರ ಸಿಗುತ್ತದೆ. ಉದ್ದಕ್ಕೂ ಅಡ್ಡಕ್ಕೂ ಬೇರೆ ಬೇರೆ ಮಾಡಬೇಕು, ಬೀಮ್‌ನ ದಾರಿಯಲ್ಲಿ ಮುಂದೆ ಹಿಂದೆ ಮೂರು ನಾಲ್ಕು ಕಡೆ ಮಾಡಬೇಕು. ಸಿಕ್ಕ ಆಕಾರವನ್ನು ಲಾಗ್ ಮಾಪಕದಲ್ಲಿ ನೋಡಲು ಕೇಳಿ. ಸಾಧಾರಣ ಮಾಪಕದಲ್ಲಿ 5 ಮೈಕ್ರಾನಿನ ಅಂದವಾದ ಶಿಖರ ಕಾಣಬಹುದು, ಲಾಗ್‌ನಲ್ಲಿ ನೋಡಿದರೆ 50 ಮೈಕ್ರಾನ್ ಉದ್ದದ ಮಂದ ಬಾಲ ಇರಬಹುದು. ಕ್ಯಾಲ್ಸಿಯಂ ತುಂಬಿದ ಸಿಪ್ಪೆಯ ಪಕ್ಕದಲ್ಲೇ ಕ್ಯಾಲ್ಸಿಯಂ ಕಡಿಮೆಯಿರುವ ಹಿಟ್ಟು ಇರುವಾಗ, ಆ ಬಾಲ ಸಿಪ್ಪೆಯ ಕ್ಯಾಲ್ಸಿಯಮ್ಮನ್ನು ಹಿಟ್ಟಿನೊಳಗೆ ಹರಡಿದಂತೆ ತೋರಿಸುತ್ತದೆ. ಕನ್ನಡಿಗೆ ತಾಗದೆ ಬಂದ ಬೆಳಕೂ ಇದೇ ಕೆಲಸ ಮಾಡುತ್ತದೆ. ಅದನ್ನು ತಡೆಯಲು ಮಾದರಿಗೆ ಮುನ್ನ ಒಂದು ಸಣ್ಣ ರಂಧ್ರದ ತಡೆ ಇರಲೇಬೇಕು.

ಫೋಕಸ್ ಆದಮೇಲೆ ಮಾದರಿ ನಿಲ್ಲುವ ಜಾಗದಲ್ಲಿ ಎಕ್ಸ್-ರೇ ಬಿದ್ದರೆ ಹೊಳೆಯುವ ಹರಳನ್ನಿಟ್ಟು, ಹೊಳೆವ ಬಿಂದುವಿಗೆ ಸೂಕ್ಷ್ಮದರ್ಶಕ ಕ್ಯಾಮೆರಾದ ಅಡ್ಡಗೆರೆ ಹೊಂದಿಸುತ್ತಾರೆ. ಆಮೇಲೆ ಬಂದ ಪ್ರತಿ ಮಾದರಿಯನ್ನೂ ಅದೇ ಕ್ಯಾಮೆರಾದಲ್ಲಿ ಸ್ಪಷ್ಟವಾಗಿ ಕಾಣುವವರೆಗೆ ಮುಂದೆ ಹಿಂದೆ ಸರಿಸಬೇಕು. 45 ಡಿಗ್ರಿ ಓರೆಯಿರುವುದರಿಂದ ಮಾದರಿ ಅರ್ಧ ಮಿಲಿಮೀಟರ್ ಮುಂದಿದ್ದರೂ ನೀವು ನೋಡುತ್ತಿರುವ ಜಾಗ ಒಂದು, ಬೀಮ್ ಬೀಳುವ ಜಾಗ ಇನ್ನೊಂದು.

ಡಿಟೆಕ್ಟರ್ ವಿಷಯದಲ್ಲಿ ಕೊಂಚ ನಿಧಾನಿಸಬೇಕು, ಏಕೆಂದರೆ ನಿಮ್ಮ ಕಬ್ಬಿಣದ ನಕ್ಷೆ ಉಳಿಯುವುದೂ ಅಳಿಯುವುದೂ ಇಲ್ಲೇ. ಬಳಸುವುದು ಸಿಲಿಕಾನ್ ಡ್ರಿಫ್ಟ್ ಡಿಟೆಕ್ಟರ್. 5.9 ಕೆಇವಿ ಹತ್ತಿರ ಅದರ ಶಿಖರಗಳ ಅಗಲ ಸುಮಾರು 140 ಎಲೆಕ್ಟ್ರಾನ್‌ವೋಲ್ಟ್. ಅದನ್ನು ಉಂಗುರದ ಸಮತಲದಲ್ಲೇ 90 ಡಿಗ್ರಿಗೆ ಇಡುವುದಕ್ಕೆ ಕಾರಣವಿದೆ: ಸಿಂಕ್ರೊಟ್ರಾನ್ ಬೆಳಕು ಆ ಸಮತಲದಲ್ಲೇ ಧ್ರುವೀಕರಣಗೊಂಡಿರುತ್ತದೆ, ಆ ದಿಕ್ಕಿಗೆ ಚೆದುರುವ ಬೆಳಕು ಅತಿ ಕಡಿಮೆ. ಕೆಲವು ಡಿಗ್ರಿ ಆಚೀಚೆಯಾದರೂ ಹಿನ್ನೆಲೆ ಏರುತ್ತದೆ. ಜಾಗ ಸಾಲದೆಂದು ಡಿಟೆಕ್ಟರನ್ನು ಮೇಲಿನಿಂದ ಇಳಿಬಿಟ್ಟರೆ ಈ ಅನುಕೂಲ ಪೂರ್ತಿ ಹೋಯಿತು.

ದೂರ ಎಷ್ಟಿರಬೇಕು? ಹತ್ತಿರ ತಂದಷ್ಟೂ ಎಣಿಕೆ ಹೆಚ್ಚು, ಗಾಳಿಯಲ್ಲಿ ಆಗುವ ನಷ್ಟವೂ ಕಡಿಮೆ. 5 ಸೆಂಟಿಮೀಟರ್ ಗಾಳಿ ದಾಟುವಷ್ಟರಲ್ಲಿ ಕ್ಯಾಲ್ಸಿಯಂ ಕಿರಣದ ಹೆಚ್ಚುಕಡಿಮೆ ಅರ್ಧ ಹೋಗುತ್ತದೆ; 2 ಸೆಂಟಿಮೀಟರಿನಲ್ಲಿ ಐದರಲ್ಲೊಂದು ಪಾಲು ಮಾತ್ರ. ಸತು 5 ಸೆಂಟಿಮೀಟರಿನಲ್ಲೂ ಶೇ. 5ರಷ್ಟೇ ಕಳೆದುಕೊಳ್ಳುತ್ತದೆ. ರಂಜಕದ 2.01 ಕೆಇವಿ ಕಿರಣವಂತೂ ಅಷ್ಟು ಗಾಳಿಯಲ್ಲಿ ಶೇ. 4ರಷ್ಟು ಉಳಿದರೆ ಹೆಚ್ಚು. ಕಾಳು ರಂಜಕವನ್ನು ಕೂಡಿಡುವ ಫೈಟೇಟ್ ಜೊತೆ ಹೋಲಿಸಲು ರಂಜಕದ ನಕ್ಷೆಯೂ ಬೇಕೆನ್ನಿಸಿದರೆ ಹೀಲಿಯಂ ಹಾಯಿಸುವ ವ್ಯವಸ್ಥೆಯನ್ನು ಮೊದಲೇ ಕೇಳಿಕೊಳ್ಳಿ. ಬರೀ ಗಾಳಿಯಲ್ಲಿ ತೆಗೆದ 'ರಂಜಕ'ವನ್ನು ನಂಬಬೇಡಿ: ಕ್ಯಾಲ್ಸಿಯಂ ಕಿರಣ ಬಿದ್ದು ಡಿಟೆಕ್ಟರಿನ ಸಿಲಿಕಾನ್ ಹೊಮ್ಮಿಸಿದ 1.74 ಕೆಇವಿ ಕಿರಣ ಹೊರಗೆ ತಪ್ಪಿಸಿಕೊಂಡಾಗ ಹುಟ್ಟುವ ಎಸ್ಕೇಪ್ ಶಿಖರ 1.95ರಲ್ಲಿ, ರಂಜಕದ ಮಗ್ಗುಲಲ್ಲೇ ಕೂರುತ್ತದೆ.

ಹತ್ತಿರ ತಂದಾಗ ಬರುವ ಕಷ್ಟ ರಾಶಿ ಎಣಿಕೆಯದು, ಬೀಮ್‌ಲೈನಿನ ಮಾತಿನಲ್ಲಿ ಪೈಲ್-ಅಪ್. ಎರಡು ಕಿರಣ ಒಟ್ಟಿಗೇ ಬಂದರೆ ಡಿಟೆಕ್ಟರ್ ಅವನ್ನು ಕೂಡಿಸಿ ಒಂದೇ ಎಂದು ಎಣಿಸುತ್ತದೆ. ರಾಗಿಯಲ್ಲಿ ಪೊಟ್ಯಾಸಿಯಂ ಬಹಳ, ಕ್ಯಾಲ್ಸಿಯಮ್ಮೂ ಬಹಳ. ಪೊಟ್ಯಾಸಿಯಂ 3.31, ಎರಡು ಕೂಡಿದರೆ 6.63. ಕಬ್ಬಿಣದ ಕೆ-ಆಲ್ಫಾ 6.40. ಇವುಗಳ ಅಂತರ ಎರಡು ಶಿಖರದಗಲಕ್ಕೂ ಕಡಿಮೆ. ಪೊಟ್ಯಾಸಿಯಮ್ಮೂ ಕ್ಯಾಲ್ಸಿಯಮ್ಮೂ ಕೂಡಿದರೆ 7.00, ಅದು ಕಬ್ಬಿಣದ ಕೆ-ಬೀಟಾದ ಮೇಲೆ. ಎರಡು ಕ್ಯಾಲ್ಸಿಯಂ 7.38, ನಿಕ್ಕಲ್‌ನ ಪಕ್ಕಕ್ಕೆ. ಹೀಗೆ ಪೊಟ್ಯಾಸಿಯಂ ಇರುವಲ್ಲೆಲ್ಲ ಕಬ್ಬಿಣವೂ ಇದ್ದಂತೆ ನಕ್ಷೆ ತೋರಿಸುತ್ತದೆ, ಅದೂ ನಂಬುವಷ್ಟು ಅಂದವಾಗಿ.

ಇದನ್ನು ಹಿಡಿಯುವ ಪರೀಕ್ಷೆ ಸುಲಭ. ಒಂದೇ ಬಿಂದುವಿನಲ್ಲಿ ಎರಡು ರೋಹಿತ (ಯಾವ ಶಕ್ತಿಯಲ್ಲಿ ಎಷ್ಟು ಎಣಿಕೆ ಎಂಬ ರೇಖಾಚಿತ್ರ) ತೆಗೆಯಿರಿ: ಒಂದು ಪೂರ್ತಿ ಬೀಮ್‌ನಲ್ಲಿ, ಇನ್ನೊಂದು ಬೀಮನ್ನು ಅರ್ಧಕ್ಕೆ ಇಳಿಸಿ. ನಿಜವಾದ ಕಬ್ಬಿಣ ಅರ್ಧಕ್ಕೆ ಇಳಿಯುತ್ತದೆ, ಪೈಲ್-ಅಪ್ ಕಾಲು ಭಾಗಕ್ಕೆ ಇಳಿಯುತ್ತದೆ. ಕಾಳಿನ ಅತಿ ದಟ್ಟ ಜಾಗದಲ್ಲೂ ಡಿಟೆಕ್ಟರಿನ ಡೆಡ್ ಟೈಮ್ (ಎಣಿಸಲಾಗದೆ ಹೋಗುವ ಸಮಯ) ಶೇ. 10ರ ಒಳಗೇ ಇರುವಂತೆ ದೂರ ಹೊಂದಿಸಿ. ಕಬ್ಬಿಣವೇ ಮುಖ್ಯವಾದರೆ ಅದಕ್ಕೊಂದು ಪ್ರತ್ಯೇಕ ಸ್ಕ್ಯಾನ್ ಮಾಡಿ, ಡಿಟೆಕ್ಟರಿನ ಮುಂದೆ 20 ಮೈಕ್ರಾನ್ ಅಲ್ಯೂಮಿನಿಯಂ ಹಾಳೆ ಕಟ್ಟುವುದು ಒಳ್ಳೆಯದು. ಅದು ಪೊಟ್ಯಾಸಿಯಮ್ಮನ್ನು ಶೇ. 4ಕ್ಕೆ ಇಳಿಸಿ, ಕಬ್ಬಿಣವನ್ನು ಶೇ. 60ರಷ್ಟೂ ಸತುವನ್ನು ಶೇ. 80ರಷ್ಟೂ ಒಳಬಿಡುತ್ತದೆ. ಹಾಳೆ ಪರಿಶುದ್ಧವಾದದ್ದೇ ಆಗಬೇಕು. ಚಪಾತಿ ಸುತ್ತುವ ಅಡುಗೆಮನೆಯ ಹಾಳೆಯಲ್ಲಿ ಸುಮಾರು ಶೇ. 1ರವರೆಗೂ ಕಬ್ಬಿಣವಿರುತ್ತದೆ, ಅದನ್ನು ಕಟ್ಟಿದರೆ ಹುಡುಕುತ್ತಿರುವ ಕಬ್ಬಿಣವನ್ನು ಡಿಟೆಕ್ಟರಿನ ಬಾಯಿಗೆ ನೀವೇ ಇಟ್ಟಂತಾಗುತ್ತದೆ.

ಇಷ್ಟಾದರೂ ಹಚ್‌ನೊಳಗೆ, ಅಂದರೆ ಪ್ರಯೋಗ ನಡೆಯುವ ಮುಚ್ಚಿದ ಕೋಣೆಯೊಳಗೆ, ಕಬ್ಬಿಣ ಎಲ್ಲೆಲ್ಲೂ ಇದೆ: ಸ್ಟೇಜಿನ ಉಕ್ಕು, ಸ್ಕ್ರೂ, ಡಿಟೆಕ್ಟರಿನ ಹೊರಕವಚ. ಹಿತ್ತಾಳೆ ಸ್ಕ್ರೂ ಒಂದಿದ್ದರೆ ತಾಮ್ರ ಮತ್ತು ಸತು ಎರಡೂ. ಆದ್ದರಿಂದ ಮಾದರಿ ಇಡುವ ಮೊದಲು ಸೀಳನ್ನು ಕೂರಿಸುವ ತೆಳು ಪ್ಲಾಸ್ಟಿಕ್ ಪೊರೆಯನ್ನು ಮಾತ್ರ ಚೌಕಟ್ಟಿಗೆ ಕಟ್ಟಿ 10 ನಿಮಿಷ ಎಣಿಸಿ. 2.96 ಕೆಇವಿಯಲ್ಲಿ ಗಾಳಿಯ ಆರ್ಗಾನ್ ಕಾಣಲೇಬೇಕು. ಕಂಡರೆ ಡಿಟೆಕ್ಟರ್ ಸರಿಯಿದೆ ಎಂದು ಲೆಕ್ಕ. ಕಬ್ಬಿಣವೂ ಕಂಡರೆ ಪೊರೆ ತೆಗೆದು ಮತ್ತೆ ಎಣಿಸಿ. ಆಗ ಹೋದರೆ ತಪ್ಪು ಪೊರೆಯದು. ಉಳಿದರೆ ಚೆದುರಿದ ಬೀಮ್ ಯಾವುದೋ ಉಕ್ಕಿಗೆ ತಾಗುತ್ತಿದೆ. ಡಿಟೆಕ್ಟರಿಗೆ ಪಕ್ಕದಿಂದ ಬರುವ ಕಿರಣ ತಡೆಯುವ ಉದ್ದ ಮೂತಿಯ ಕಾಲಿಮೇಟರ್ ತೊಡಿಸಿ, ಬೀಮ್‌ನ ದಾರಿಯಲ್ಲಿರುವ ಉಕ್ಕಿಗೆ ಪ್ಲಾಸ್ಟಿಕ್ ಮರೆ ಕಟ್ಟಿ. ಈ ಖಾಲಿ ಎಣಿಕೆಯನ್ನು ಕಡತದಲ್ಲಿ ಉಳಿಸಿಕೊಳ್ಳಿ, ಮುಂದೆ ಪ್ರಬಂಧದ ಪರಿಶೀಲಕರು ಕೇಳುವುದು ಅದನ್ನೇ.

ಮಾದರಿಯ ತಯಾರಿ ನಿಮ್ಮ ಪ್ರಯೋಗಾಲಯದಲ್ಲೇ ಆಗಬೇಕು. ಗಾಜಿನ ಸ್ಲೈಡ್ ಬೇಡವೇ ಬೇಡ: ಗಾಜಿನಲ್ಲಿ ಕ್ಯಾಲ್ಸಿಯಂ ಹೇರಳ, ಕಬ್ಬಿಣದ ಅಂಶವೂ ಇರುತ್ತದೆ. ಪ್ಲಾಸ್ಟಿಕ್ ಚೌಕಟ್ಟಿನ ರಂಧ್ರದ ಮೇಲೆ ಬಿಗಿದ ತೆಳು ಕ್ಯಾಪ್ಟಾನ್ (Kapton ಎಂಬ ಪ್ಲಾಸ್ಟಿಕ್) ಪೊರೆ ಸಾಕು. ಸೀಳಿನ ತೆರೆದ ಮುಖ ಡಿಟೆಕ್ಟರಿನ ಕಡೆಗಿರಲಿ. ಕಾಳನ್ನು ನೀರಿನಲ್ಲಿ ನೆನೆಸಿ ಮೆದು ಮಾಡಬೇಡಿ, ಪೊಟ್ಯಾಸಿಯಂ ಕರಗಿ ಜಾಗ ಬಿಟ್ಟು ಹೋಗುತ್ತದೆ. ಒಣ ಕಾಳನ್ನೇ ಹೆಪ್ಪುಗಟ್ಟುವ ಆಧಾರ ದ್ರವದಲ್ಲಿ ಕೂರಿಸಿ ಕ್ರಯೊಮೈಕ್ರೊಟೋಮ್‌ನಲ್ಲಿ (ಹೆಪ್ಪುಗಟ್ಟಿಸಿ ತೆಳುವಾಗಿ ಕೊಯ್ಯುವ ಯಂತ್ರ) ಕೊಯ್ಯಿರಿ. ಉಕ್ಕಿನ ಅಲಗು ಕಬ್ಬಿಣ, ಕ್ರೋಮಿಯಂ, ನಿಕ್ಕಲ್ ಮೂರನ್ನೂ ಬಿಟ್ಟುಹೋಗುತ್ತದೆ. ಸೆರಾಮಿಕ್ ಅಲಗು ಸಿಗದೆ ಉಕ್ಕನ್ನೇ ಬಳಸಿದರೆ, ನಕ್ಷೆಯಲ್ಲಿ ಈ ಮೂರೂ ಒಂದೇ ಚುಕ್ಕೆಯಲ್ಲಿ ಕಂಡಾಗ ಅದನ್ನು ಅಲಗಿನ ಪುಡಿಯೆಂದು ತಳ್ಳಿಹಾಕಿ. ಕರ್ನಾಟಕದ ರಾಗಿಗೆ ಇನ್ನೊಂದು ಎಚ್ಚರ ಬೇಕು. ಕೆಂಪು ಮಣ್ಣಿನ ದೂಳು ಸಿಪ್ಪೆಗೆ ಅಂಟಿರುತ್ತದೆ, ಅದರ ತುಂಬ ಕಬ್ಬಿಣ. ಮಣ್ಣಿನ ಗುರುತು ಟೈಟೇನಿಯಂ, 4.51 ಕೆಇವಿ, ಕಾಳು ಅದನ್ನು ಹೇಳಿಕೊಳ್ಳುವಷ್ಟು ಹೀರುವುದಿಲ್ಲ. ಕಬ್ಬಿಣ ಮತ್ತು ಟೈಟೇನಿಯಂ ಒಟ್ಟಿಗೇ ಕಂಡ ಚುಕ್ಕೆ ಹೊಲದ್ದು, ಕಾಳಿನದಲ್ಲ. ಟೈಟೇನಿಯಂ ನಕ್ಷೆಯನ್ನು ಯಾವಾಗಲೂ ತೆಗೆದಿಡಿ, ಅದಕ್ಕೆ ಬೇರೆ ಖರ್ಚೇನೂ ಇಲ್ಲ.

ಸಮಯದ ಲೆಕ್ಕ ಹೀಗೆ. ಕಾಳಿನ ಸೀಳು ಹಿಡಿಯುವಷ್ಟು 1.6 ಮಿಲಿಮೀಟರ್ ಚೌಕ ಎಂದುಕೊಳ್ಳಿ. 10 ಮೈಕ್ರಾನ್ ಹೆಜ್ಜೆಗೆ 25,600 ಬಿಂದು. ಬಿಂದುವಿಗೆ 1 ಸೆಕೆಂಡ್ ಎಣಿಕೆ, ಮೋಟಾರು ಸರಿದು ನಿಲ್ಲಲು 0.3 ಸೆಕೆಂಡ್ ಹಿಡಿದರೆ ಒಂಬತ್ತು ಗಂಟೆಗೂ ಸ್ವಲ್ಪ ಹೆಚ್ಚು. ಅದೇ 5 ಮೈಕ್ರಾನ್ ಹೆಜ್ಜೆಯಾದರೆ 37 ಗಂಟೆ. ಸೀಳೇ 25 ಮೈಕ್ರಾನ್ ದಪ್ಪವಿರುವಾಗ ಆ 37 ಗಂಟೆಯಿಂದ ಅಡ್ಡ ದಿಕ್ಕಿನಲ್ಲಿ ಹೊಸದೇನೂ ಸಿಗುವುದಿಲ್ಲ. ಮೊದಲು 50 ಮೈಕ್ರಾನ್ ಹೆಜ್ಜೆಯಲ್ಲಿ ಅರ್ಧ ಸೆಕೆಂಡಿನ ಒರಟು ನಕ್ಷೆ ತೆಗೆಯಿರಿ, ಕಾಲು ಗಂಟೆಯೊಳಗೆ ಮುಗಿಯುತ್ತದೆ. ಕಾಳು ಎಲ್ಲಿದೆ, ಡೆಡ್ ಟೈಮ್ ಎಲ್ಲಿ ಏರುತ್ತದೆ ಎರಡೂ ತಿಳಿಯುತ್ತವೆ. ಸೂಕ್ಷ್ಮ ನಕ್ಷೆಯನ್ನು ಇಡೀ ಕಾಳಿಗೆ ಹಾಕುವ ಬದಲು ಸಿಪ್ಪೆಯಿಂದ ಒಳಕ್ಕೆ ಹೋಗುವ ಒಂದು ಪಟ್ಟಿಗೂ ಭ್ರೂಣದ ಭಾಗಕ್ಕೂ ಹಾಕಿ. ಮೆಲ್ಬರ್ನ್‌ನ ಸಿಂಕ್ರೊಟ್ರಾನ್‌ನಲ್ಲಿ 384 ಅಂಗಗಳ ಮೈಯಾ ಡಿಟೆಕ್ಟರ್ ಇಟ್ಟು ಮಾದರಿಯನ್ನು ನಿಲ್ಲಿಸದೆ ಓಡಿಸುತ್ತಾ ಲಕ್ಷಾಂತರ ಬಿಂದು ತೆಗೆಯುತ್ತಾರೆ; ಆ ಪ್ರಬಂಧಗಳ ಚಿತ್ರ ನೋಡಿ ಬೆಂಡಿಂಗ್ ಮ್ಯಾಗ್ನೆಟ್ ಬೀಮ್‌ಲೈನಿಗೆ ಅದೇ ಲೆಕ್ಕದ ಅರ್ಜಿ ಬರೆಯಬೇಡಿ.

ಒಂಬತ್ತು ಗಂಟೆಯಲ್ಲಿ ಉಂಗುರದ ಕರೆಂಟು ಇಳಿಯುತ್ತಾ ಹೋಗುತ್ತದೆ. ಆದ್ದರಿಂದ ಪ್ರತಿ ಬಿಂದುವನ್ನೂ ಆ ಕ್ಷಣದ ಅಯಾನ್ ಚೇಂಬರ್ ಸಂಖ್ಯೆಯಿಂದಲೂ ಡಿಟೆಕ್ಟರ್ ನಿಜವಾಗಿ ಎಣಿಸಿದ ಸಮಯದಿಂದಲೂ (ಲೈವ್ ಟೈಮ್) ಭಾಗಿಸಬೇಕು. ಭಾಗಿಸಿದ ಮೇಲೂ ನಕ್ಷೆ ಒಂದು ಬದಿಗೆ ಕಂದುತ್ತಾ ಬಂದಿದ್ದರೆ ಬೀಮ್‌ನ ಜಾಗ ಸರಿದಿದೆ ಎಂದರ್ಥ. ನಕ್ಷೆ ಮುಗಿದ ಕೂಡಲೇ ಮೊದಲ ಸಾಲನ್ನೇ ಮತ್ತೊಮ್ಮೆ ಓಡಿಸಿ ಹಳೆಯದರ ಮೇಲಿಟ್ಟು ನೋಡಿ. ಎಷ್ಟು ಸರಿದಿದೆ ಎಂಬುದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ನಕ್ಷೆಯನ್ನು ಬಿಡಿಸುವಾಗ 'ಇಲ್ಲಿಂದ ಇಲ್ಲಿಯವರೆಗೆ ಕ್ಯಾಲ್ಸಿಯಂ' ಎಂದು ಕಿಟಕಿ ಹಾಕಿ ಎಣಿಸಬೇಡಿ. ಪೊಟ್ಯಾಸಿಯಂನ ಕೆ-ಬೀಟಾ 3.59ರಲ್ಲಿ ಇದ್ದು ಆ ಕಿಟಕಿಯೊಳಕ್ಕೇ ಬೀಳುತ್ತದೆ. ಮ್ಯಾಂಗನೀಸ್‌ನ ಕೆ-ಬೀಟಾ 6.49 ಕಬ್ಬಿಣದ ಕಿಟಕಿಯೊಳಕ್ಕೆ. ಗ್ರೆನೋಬಲ್‌ನ ಯುರೋಪಿಯನ್ ಸಿಂಕ್ರೊಟ್ರಾನ್‌ನವರು ಉಚಿತವಾಗಿ ಕೊಡುವ ಪೈ-ಎಂಸಿಎ ತಂತ್ರಾಂಶದಲ್ಲಿ ಮೊದಲು ಎಲ್ಲ ಬಿಂದುಗಳ ಮೊತ್ತದ ರೋಹಿತವನ್ನು ಎಸ್ಕೇಪ್ ಮತ್ತು ಪೈಲ್-ಅಪ್ ಆಯ್ಕೆಗಳೊಂದಿಗೆ ಹೊಂದಿಸಿಕೊಂಡು, ಆಮೇಲೆ ಅದೇ ಹೊಂದಾಣಿಕೆಯನ್ನು ಪ್ರತಿ ಬಿಂದುವಿಗೂ ಓಡಿಸಿ. ಪ್ರಮಾಣ ಹೇಳಬೇಕಿದ್ದರೆ ಅಮೆರಿಕದ ಅಳತೆಮಾನಗಳ ಸಂಸ್ಥೆ ಎನ್‌ಐಎಸ್‌ಟಿಯ 1568ಬಿ ಅಕ್ಕಿ ಹಿಟ್ಟು ಅಥವಾ 1573ಎ ಟೊಮೇಟೊ ಎಲೆಯ ಪ್ರಮಾಣಿತ ಪುಡಿಯನ್ನು ತೆಳು ಬಿಲ್ಲೆಯಾಗಿ ಒತ್ತಿ, ಅದೇ ದೂರ, ಅದೇ ಶಕ್ತಿ, ಅದೇ ಕೋನದಲ್ಲಿ ಅಳೆಯಿರಿ. ಡಿಟೆಕ್ಟರನ್ನು ಒಂದು ಮಿಲಿಮೀಟರ್ ಅಲುಗಿಸಿದರೂ ಆ ಅಳತೆ ಹೊಸದಾಗಿ ಆಗಬೇಕು.

ಅರ್ಜಿಯಲ್ಲಿ ಎಂಟು ಗಂಟೆಯ ಆರು ಪಾಳಿ ಕೇಳುವುದು ನ್ಯಾಯ. ಮೊದಲ ಪಾಳಿ ಪೂರ್ತಿ ಫೋಕಸ್, ಖಾಲಿ ಪೊರೆ, ಪ್ರಮಾಣಿತ ಬಿಲ್ಲೆಗೆ ಮೀಸಲು. ಅದರಲ್ಲಿ ಒಂದೂ ಕಾಳಿನ ನಕ್ಷೆ ಬರದಿದ್ದರೆ ಬೇಸರ ಬೇಡ. ಸೀಳುಗಳನ್ನು ಬೇಕಾದದ್ದಕ್ಕಿಂತ ಎರಡು ಪಟ್ಟು ಒಯ್ಯಿರಿ, ಪ್ರಯಾಣದಲ್ಲಿ ಪೊರೆಯಿಂದ ಕೆಲವು ಬಿಡುತ್ತವೆ. ಪ್ರತಿಯೊಂದರ ಸೂಕ್ಷ್ಮದರ್ಶಕ ಚಿತ್ರ ತೆಗೆದು, ಚೌಕಟ್ಟಿನ ಅಂಚಿನಲ್ಲಿ ಗುರುತು ಹಾಕಿಕೊಂಡೇ ಹೊರಡಿ. ಗುರುತಿಗೆ ಬಣ್ಣದ ಪೆನ್ನು ಬಳಸುವುದಾದರೆ ಅದೇ ಪೆನ್ನಿನ ಒಂದು ಗೆರೆಯನ್ನು ಖಾಲಿ ಪೊರೆಯ ಮೇಲೂ ಎಳೆದು ಒಯ್ಯಿರಿ. ಕೆಲವು ಶಾಯಿಗಳಲ್ಲಿ ತಾಮ್ರವಿರುತ್ತದೆ.